ಗೌರವ ಇರುವುದು ಮಾತಿನಲ್ಲೋ, ಮನಸ್ಸಿನಲ್ಲೋ?



ಹಿರಿಯರಿಗೆ ‘ನೀನು’ ಎಂದವನು ಮರ್ಯಾದೆ ತಿಳಿಯದವನೆಂದು ನಾವೆಲ್ಲರೂ ನಂಬಿದ್ದೇವೆ. ಹಾಗಾದರೆ ಒಬ್ಬರನ್ನು ‘ನೀವು’ ಎಂದು ಬಹುವಚನದಲ್ಲಿ ಕರೆಯುವ ರೂಢಿಯೇ ಇಲ್ಲದ ಜನರಲ್ಲಿ ಮರ್ಯಾದೆ ಇಲ್ಲವೇ? ಅರಬ್ಬೀ ಆಡುಮಾತುಗಳನ್ನು ಗಮನಿಸಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

ಈಜಿಪ್ತಿನಲ್ಲಿ ಗಂಡಸಿಗೆ ‘ಇಂತ’, ಹೆಂಗಸಿಗೆ ‘ಇಂತಿ’ ಎನ್ನುತ್ತಾರೆ. ಎರಡೂ ಏಕವಚನವೇ. ಆದರೆ ಹಿರಿಯರ, ಅಪರಿಚಿತರ ಮುಂದೆ ‘ಹದ್ರಿತಕ್’ ಎನ್ನುತ್ತಾರೆ. ‘ತಮ್ಮ ಸನ್ನಿಧಿ’ ಎಂದು ಅದರ ಅರ್ಥ. ಪೂಜ್ಯರನ್ನು ನಾವು ‘ಸನ್ನಿಧಿಯವರು’ ಎನ್ನುವುದಿಲ್ಲವೇ, ಹಾಗೆ. ನಮ್ಮ ಕಚೇರಿಗಳ ‘ಹಾಜರಿ’, ‘ಹುಜೂರು’ ಪದಗಳೂ ಅದೇ ಮೂಲದಿಂದ ಬಂದವು. ವಯಸ್ಸಾದವರನ್ನು, ಅವರು ಮೆಕ್ಕಾ ಯಾತ್ರೆ ಮಾಡಿರಲಿ ಬಿಡಲಿ, ‘ಯಾ ಹಗ್’ (ಯಾತ್ರಿಕರೇ) ಎಂದು ಕರೆಯುತ್ತಾರೆ. ಗಾಡಿ ರಿಪೇರಿಯವನೂ ಟ್ಯಾಕ್ಸಿ ನಡೆಸುವವನೂ ಅಲ್ಲಿ ‘ಉಸ್ತಾ’, ಅಂದರೆ ಕಸುಬು ಬಲ್ಲವನು.

ಸಿರಿಯಾ, ಲೆಬನಾನ್ ಕಡೆ ಹಿರಿಮಗನ ಹೆಸರು ಹಿಡಿದು ‘ಅಬೂ ಅಹ್ಮದ್’, ‘ಉಮ್ಮ್ ಅಹ್ಮದ್’, ಅಂದರೆ ಅಹ್ಮದನ ತಂದೆ, ತಾಯಿ ಎನ್ನುವುದೇ ಗೌರವ. ತಂದೆ ತನ್ನ ಮಗುವನ್ನೇ ‘ಬಾಬಾ’ ಎಂದು ಕರೆಯುತ್ತಾನೆ. ನಾವು ಮಕ್ಕಳಿಗೆ ‘ಬಾರಪ್ಪಾ’, ‘ಬಾರವ್ವಾ’ ಎಂದಂತೆಯೇ ಅದು.

ಇನ್ನೊಂದು ಸಂಗತಿಯನ್ನೂ ನೋಡಬೇಕು. ‘ಪಾಶಾ’, ‘ಬೇ’ ಎಂಬ ಬಿರುದುಗಳನ್ನು ಈಜಿಪ್ತ್ 1952ರಲ್ಲಿ ರದ್ದುಪಡಿಸಿತು. ಆದರೂ ಬೀದಿಯಲ್ಲಿ ‘ಯಾ ಬಾಶಾ’ ಇಂದಿಗೂ ಕೇಳಿಬರುತ್ತದೆ, ಒಮ್ಮೆ ಗೌರವಕ್ಕೆ, ಒಮ್ಮೆ ಸಲಿಗೆಗೆ, ಒಮ್ಮೆ ಲೇವಡಿಗೆ. ಅಂದಮೇಲೆ ಬರೀ ಪದದಿಂದ ಗೌರವ ಬರುವುದಿಲ್ಲ.

ಹಾಗೆಂದು ‘ಮನಸ್ಸು ಚಲೋ ಇದ್ದರೆ ಸಾಕು, ಮಾತು ಹ್ಯಾಂಗಿದ್ದರೇನು’ ಎನ್ನುವುದೂ ಸರಿಯಲ್ಲ. ನಮ್ಮ ಮನಸ್ಸು ಎದುರಿಗಿದ್ದವರಿಗೆ ಕಾಣುವುದಿಲ್ಲ. ಅವರ ಕಿವಿಗೆ ಬೀಳುವುದು ಮಾತು ಮಾತ್ರ.

ನಮ್ಮ ಭಾಷೆಯಲ್ಲಿ ‘ನೀವು’ ಉಂಟು. ಅದನ್ನು ನಾವು ಯಾರಿಗೆ ಕೊಡುತ್ತಿದ್ದೇವೆ? ಅಡತಿ ಅಂಗಡಿಗೆ ಬಂದ ಇಪ್ಪತ್ತೈದರ ಅಧಿಕಾರಿಗೆ ‘ಬರ್ರಿ ಸಾಹೇಬ್ರ’, ಅದೇ ಅಂಗಡಿಯಲ್ಲಿ ಚೀಲ ಹೊರುವ ಅರವತ್ತರ ಹಮಾಲನಿಗೆ ‘ಏ, ಬಾರೋ’! ಇದು ವಯಸ್ಸಿಗೂ ದುಡಿಮೆಗೂ ಕೊಟ್ಟ ಗೌರವವಲ್ಲ, ಕುರ್ಚಿಗೂ ಹಣಕ್ಕೂ ಕೊಟ್ಟದ್ದು. ಗೌರವದ ಬಹುವಚನವಿಲ್ಲದ ಜನ ಕಸುಬಿನವನಿಗೆ ‘ಉಸ್ತಾ’ ಎನ್ನಬಲ್ಲರಾದರೆ, ‘ನೀವು’ ಉಳ್ಳ ನಾವು ಕೂಲಿಯವರಿಗೆ ‘ಅಣ್ಣಾ’, ‘ಅಕ್ಕಾ’ ಎನ್ನಲಾರೆವೇ?

ನಮ್ಮಿಂದ ಯಾವ ಲಾಭವನ್ನೂ ಬಯಸದವರನ್ನು, ನಮಗೆ ಯಾವ ಲಾಭವೂ ಇಲ್ಲದವರನ್ನು ಹೇಗೆ ಕರೆಯುತ್ತೇವೆಯೋ ಅದೇ ನಮ್ಮ ನಿಜವಾದ ಸಂಸ್ಕಾರ. ಖರ್ಚಿಲ್ಲದ ಈ ದಾನವನ್ನು ನಮ್ಮ ಹೊಲದಿಂದ, ನಮ್ಮ ಅಂಗಡಿಯಿಂದ ಆರಂಭಿಸೋಣ.