ಬನ್ನಿಯ ಮರಕ್ಕೆ ಕಟ್ಟಿದ ಕೋವಿ

ವಿಜಯದಶಮಿಯ ಬೆಳಿಗ್ಗೆ ಗುಜರಾತಿನ ಊರುಗಳಲ್ಲಿ ಫಾಫಡಾ-ಜಲೇಬಿಯ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ನಾವು ಕನ್ನಡಿಗರೂ ಆ ಸಾಲಿನಲ್ಲಿ ನಿಲ್ಲುವವರೇ. ಆದರೆ ಸಂಜೆಯಾದೊಡನೆ ಎಲ್ಲಿಂದಲೋ ನಾಲ್ಕು ಬನ್ನಿ ಎಲೆ ಹುಡುಕಿ ತಂದು, ಹಿರಿಯರ ಕೈಗಿಟ್ಟು, ಕಾಲು ಮುಟ್ಟಿ ನಮಸ್ಕರಿಸಿದ ಮೇಲೆಯೇ ನಮಗೆ ಹಬ್ಬ ಮುಗಿದಂತೆ.

ಅಂಥದೊಂದು ಸಂಜೆ ವಡೋದರಾದಲ್ಲಿ ಹಿರಿಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಅವರ ಹೆಸರು ಇಲ್ಲಿ ಬೇಡ. ನಮ್ಮ ಬಳಗದಲ್ಲಿ ಎಲ್ಲರೂ ಕರೆಯುವಂತೆ ಗೌಡರು ಎಂದರೆ ಸಾಕು. ತೀರ್ಥಹಳ್ಳಿ ಕಡೆಯವರು. ಎಂಜಿನಿಯರಾಗಿ ಈ ಊರಿಗೆ ಬಂದು, ದುಡಿದು, ನಿವೃತ್ತರಾಗಿ, ಇಲ್ಲಿಯವರೇ ಆಗಿಬಿಟ್ಟಿದ್ದಾರೆ. ನಾನು ಕೊಟ್ಟ ಬನ್ನಿಯನ್ನು ಅಂಗೈಯಲ್ಲಿಟ್ಟುಕೊಂಡು ಅವರು ನಕ್ಕರು. "ನಮ್ಮ ಆಯುಧವೂ ಬನ್ನಿ ಮರದ ಮೇಲೇ ಇದೆ ಮಾರಾಯ್ರೆ. ಆ ಮರಕ್ಕೆ ಶಟರ್ ಬಾಗಿಲಿದೆ, ತಿಂಗಳಿಗೆ ಬಾಡಿಗೆ ಇದೆ, ಅಷ್ಟೇ ವ್ಯತ್ಯಾಸ" ಎಂದರು.

ವಿಷಯ ಹೀಗಿತ್ತು. ಗೌಡರ ತಂದೆಯವರ ಬಳಿ ಮೂರು ಕೋವಿಗಳಿದ್ದವು. ಅಜ್ಜನ ಕಾಲದ ಕೇಪಿನ ಕೋವಿ ಒಂದು, ಒಂಟಿ ನಳಿಗೆಯ ತೋಟಾ ಕೋವಿ ಒಂದು, ಜೋಡಿ ನಳಿಗೆಯದು ಇನ್ನೊಂದು. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಇದು ದೊಡ್ಡ ಸಂಗತಿಯಲ್ಲ. ಮಂಗನನ್ನು ಹೆದರಿಸಲು, ಗದ್ದೆಗೆ ನುಗ್ಗುವ ಹಂದಿಯನ್ನು ಓಡಿಸಲು, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಜಗಲಿಯ ಗೋಡೆಯಲ್ಲಿ ಕಂಬಳಿ, ಕತ್ತಿಗಳ ಜೊತೆಗೇ ಇರುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡುವುದು, ಮತ ಎಣಿಕೆ ಮುಗಿದ ಮೇಲೆ ವಾಪಸು ತರುವುದು, ನಡುವೆ ತೋಟಕ್ಕೆ ಮಂಗ ಬಂದರೆ ಸರ್ಕಾರವನ್ನು ಬೈಯುವುದು, ಇದೆಲ್ಲ ಅಲ್ಲಿಯವರಿಗೆ ಅಭ್ಯಾಸವಾದ ಸಂಗತಿ.

ಕಾಯಿದೆ ಬದಲಾಗುತ್ತ ಬಂತು. 1983ರ ತಿದ್ದುಪಡಿ ಒಬ್ಬರಿಗೆ ಮೂರೇ ಕೋವಿ ಎಂದು ಮಿತಿ ಹಾಕಿತು. 2019ರ ಡಿಸೆಂಬರಿನಲ್ಲಿ ಬಂದ ಇನ್ನೊಂದು ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದಿತು. ಆಗ ಗೌಡರ ತಂದೆಯವರು ಕೇಪಿನ ಕೋವಿಯನ್ನು ಬಿಡಲು ನಿರ್ಧರಿಸಿದರು. ಅಂಗಡಿಯವನು, "ಹಳೆಯ ಮಾಲು, ಪಾಲಿಷ್ ಮಾಡಿದರೆ ಇಷ್ಟಪಟ್ಟು ಕೊಳ್ಳುವವರಿದ್ದಾರೆ, ಇಟ್ಟು ಹೋಗಿ" ಎಂದನಂತೆ. ಮುದುಕರು ಒಪ್ಪಲಿಲ್ಲ. "ನಳಿಗೆಯ ಒಳಗೆ ತುಕ್ಕು ತಿಂದು ಗುಳಿ ಬಿದ್ದಿದೆ. ಮಸಿ ತುಂಬಿ ಈಡು ಹೊಡೆದ ದಿನ ಸಿಡಿದರೆ ಕೊಂಡವನ ಕಣ್ಣು ಹೋಗ್ತದೆ. ಪಾಲಿಷ್ ಹೊರಗೆ ಮಾತ್ರ ತಾನೆ?" ಎಂದು ಹೇಳಿ, ಅದನ್ನು ಸರ್ಕಾರಕ್ಕೇ ಒಪ್ಪಿಸಿ, ರಸೀದಿ ಪಡೆದು ಮನೆಗೆ ಬಂದರು.

ಕೆಲವು ವರ್ಷಗಳಲ್ಲಿ ತಂದೆಯವರು ತೀರಿಕೊಂಡರು. ತೋಟ, ಮನೆ ಮಾರಾಟವಾದವು. ಉಳಿದ ಎರಡು ಕೋವಿಗಳು ಅಂಗಡಿಯ ಠೇವಣಿಗೆ ಹೋದವು. ವಾರಸುದಾರನಾಗಿ ಗೌಡರು ಪರವಾನಗಿಗೆ ಅರ್ಜಿ ಹಾಕಬಹುದಿತ್ತು. ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ವಡೋದರಾದ ಮೂರನೆಯ ಮಹಡಿಯ ಫ್ಲಾಟಿನಲ್ಲಿ ಯಾವ ಹಂದಿಯನ್ನು ಓಡಿಸಬೇಕು? ಅಂಗಡಿಯವನು ಫೋನಿನಲ್ಲಿ ಸುಲಭದ ದಾರಿ ತೋರಿಸಿದ: "ಮಾಲು ನಿಮ್ಮದೇ ಆಗಿರಲಿ, ನನ್ನಲ್ಲಿರಲಿ. ಗಿರಾಕಿ ಬಂದಾಗ ಮಾರಿ, ನನ್ನ ಕಮಿಷನ್ ಹಿಡಿದುಕೊಂಡು ಉಳಿದ ಹಣ ಕಳಿಸುತ್ತೇನೆ. ನೀವು ತಲೆ ಕೆಡಿಸಿಕೊಳ್ಳಬೇಡಿ."

ತಲೆ ಕೆಟ್ಟದ್ದು ಆ ಕೊನೆಯ ಮಾತಿನಿಂದಲೇ, ಎಂದರು ಗೌಡರು.

ಮನೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಮಗಳು, "ಅಪ್ಪಾ, ಎರಡನ್ನೂ ಸರ್ಕಾರಕ್ಕೆ ಕೊಟ್ಟುಬಿಡಿ. ಕೊಲ್ಲುವ ವಸ್ತುವಿನಿಂದ ಬಂದ ಹಣ ನಮಗೇಕೆ?" ಎಂದಳು. ಸೂರತ್ತಿನಲ್ಲಿ ಬಟ್ಟೆ ವ್ಯಾಪಾರ ಮಾಡುವ ಗುಜರಾತಿ ಮಿತ್ರರೊಬ್ಬರು, "ಪರವಾನಗಿ ಇರುವ ಅಂಗಡಿ, ಪರವಾನಗಿ ಇರುವ ಗಿರಾಕಿ. ಇದರಲ್ಲಿ ಯೋಚನೆ ಮಾಡುವುದೇನಿದೆ?" ಎಂದರು. ಗೌಡರ ಪತ್ನಿ, "ಮಾವನವರು ಆಯುಧಪೂಜೆಗೆ ಕುಂಕುಮ ಇಟ್ಟ ವಸ್ತು. ಮಾರುವುದೆಂದರೆ ನನಗೇನೋ ಸರಿ ಕಾಣುವುದಿಲ್ಲ" ಎಂದರು. ಮೂರರಲ್ಲೂ ಸತ್ಯವಿದೆ, ಮೂರನ್ನೂ ಒಂದಿಷ್ಟು ತೂಗಿ ನೋಡೋಣ.

ಮೊದಲು ಪತ್ನಿಯವರ ಮಾತು. ನೆರೆಯ ಕೊಡಗಿನಲ್ಲಿ ಈ ಭಾವನೆ ಇನ್ನೂ ಆಳವಾದದ್ದು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವುದು ಸಂಪ್ರದಾಯ. ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಮನೆತನದ ಒಬ್ಬ ಸದಸ್ಯನಿದ್ದಂತೆ. ಆದರೆ ಗಮನಿಸಿ: ಅಲ್ಲಿ ಕೋವಿಗೆ ಆ ಗೌರವ ಬಂದದ್ದು ಅದಕ್ಕೆ ಹಬ್ಬವಿದೆ, ಮನೆಯಿದೆ, ಹಾರಿಸುವ ಕೈಯಿದೆ ಎಂಬುದರಿಂದ. ಇವೆಲ್ಲ ಹೋದ ಮೇಲೂ ವಸ್ತುವನ್ನು ಮಾತ್ರ ಹಿಡಿದುಕೊಂಡರೆ ಅದು ಪೂಜೆಯೋ, ಬಿಡಲಾರದ ಮೋಹವೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ಗೌಡರ ತಂದೆಯವರು ಅಜ್ಜನ ಕೋವಿಯನ್ನು ಒಪ್ಪಿಸಿ ಬಂದರು. ಅದರಿಂದ ಅಜ್ಜನ ನೆನಪೇನೂ ಕಳೆದುಹೋಗಲಿಲ್ಲ.

ಇನ್ನು ಸೂರತ್ತಿನ ಮಿತ್ರರ ಮಾತು. ಕಾಯಿದೆ ಒಪ್ಪಿದರೆ ಸಾಕಲ್ಲವೇ? ಆದರೆ ಕಾಯಿದೆಯೇ ಅಷ್ಟು ನಿರಾಳವಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಒಬ್ಬಾತ ತನ್ನ ಕೋವಿಯನ್ನು ಇನ್ನೊಬ್ಬನಿಗೆ ಖಾಸಗಿಯಾಗಿ ಮಾರಬೇಕಾದರೆ, ಕೊಳ್ಳುವವನ ಹೆಸರು ವಿಳಾಸ ಸಹಿತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, 45 ದಿನ ಕಾಯಬೇಕು. ಹಳೆಯ ಸೈಕಲನ್ನು ಮಾರುವವನಿಗೆ ಈ ನಿಯಮವಿಲ್ಲ. ಅಂದರೆ, "ಮಾರಿದೆ, ಮುಗಿಯಿತು" ಎಂದು ಹೇಳಲಾಗದ ಕೆಲವು ವಸ್ತುಗಳಿವೆ ಎಂದು ಕಾಯಿದೆಯೇ ಒಪ್ಪಿಕೊಂಡಿದೆ. ಅಂಗಡಿಯ ಮೂಲಕ ಮಾರಿದಾಗ ಈ ಭಾರವನ್ನು ಅಂಗಡಿಯವನ ಲೆಕ್ಕದ ಪುಸ್ತಕ ಹೊರುತ್ತದೆ. ಅದು ಅನುಕೂಲವೇ ಹೌದು. ಆದರೆ ಪುಸ್ತಕದ ಭಾರ ಇಳಿದೊಡನೆ ಮನಸ್ಸಿನ ಭಾರವೂ ಇಳಿಯಬೇಕೇ?

ಅಹಮದಾಬಾದಿನಲ್ಲಿ ಪಾಂಜರಾಪೋಳ್ ಎಂಬ ಜಾಗ ನಮಗೆಲ್ಲ ಗೊತ್ತು. ಮುದಿಯಾದ, ಕುಂಟಾದ ದನಗಳನ್ನು ಸಾಕುವ ಸಂಸ್ಥೆಗಳಿಗೆ ಈ ನಾಡಿನಲ್ಲಿ ಇರುವ ಹೆಸರು ಅದು. ಅವು ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಹಾಲು ಬತ್ತಿದ ಹಸುವನ್ನು ಯಾವ ರೈತನೂ ತಾನಾಗಿ ಕಟುಕನ ಮನೆಗೆ ಹೊಡೆದುಕೊಂಡು ಹೋಗುವುದಿಲ್ಲ. ಸಂತೆಯಲ್ಲಿ ದಲ್ಲಾಳಿಗೆ ಕೊಡುತ್ತಾನೆ. ದಲ್ಲಾಳಿ ಯಾರಿಗೆ ಕೊಟ್ಟನೆಂದು ಕೇಳುವುದಿಲ್ಲ. ಕೇಳದೆ ಇರುವುದಕ್ಕಾಗಿಯೇ ದಲ್ಲಾಳಿ ಬೇಕು. ಇದನ್ನು ಅರಿತವರು, ಕೇಳಬೇಕಾದ ಪ್ರಶ್ನೆಯನ್ನು ಕೇಳಿ, ಖರ್ಚನ್ನೂ ಹೊತ್ತು ಪಾಂಜರಾಪೋಳ್ ಕಟ್ಟಿದರು.

ಹಾಗೆಂದು ನಡುವಿನವನನ್ನೇ ಪಾಪಿ ಎನ್ನುವುದೂ ನ್ಯಾಯವಲ್ಲ. ಮಹಾಭಾರತದ ಧರ್ಮವ್ಯಾಧ ಮಿಥಿಲೆಯ ಮಾಂಸದ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಲೇ ತಪಸ್ವಿಯಾದ ಕೌಶಿಕನಿಗೆ ಧರ್ಮ ಬೋಧಿಸಿದ. ನೇಗಿಲು ಹಿಡಿದವನೂ ನೆಲದೊಳಗಿನ ಎಷ್ಟೋ ಜೀವಗಳನ್ನು ಕೊಲ್ಲುತ್ತಾನೆಂದು ಅವನು ನೆನಪಿಸಿದ. ಈ ಲೋಕದಲ್ಲಿ ಪೂರ್ತಿ ಶುದ್ಧವಾದ ಕೈ ಯಾರದೂ ಇಲ್ಲ. ಮಾರಿದ ಪ್ರತಿಯೊಂದು ವಸ್ತುವಿನ ಮುಂದಿನ ಕಥೆಗೂ ನಾವೇ ಹೊಣೆ ಎಂದರೆ ಯಾರೂ ಒಂದು ಚೂರಿಯನ್ನೂ ಮಾರಲಾಗದು. ಆದ್ದರಿಂದ ಹೊಣೆಗೆ ಒಂದು ಮಿತಿ ಇರಲೇಬೇಕು. ನನಗೆ ತೋರುವ ಮಿತಿ ಇಷ್ಟು: ಸ್ವಲ್ಪ ಶ್ರಮಪಟ್ಟರೆ ನಾವು ತಿಳಿಯಬಹುದಾಗಿದ್ದಷ್ಟಕ್ಕೆ ನಾವು ಹೊಣೆ. ತಿಳಿಯಲಾಗದ್ದಕ್ಕೆ ಕ್ಷಮೆ ಇದೆ. ತಿಳಿಯಬಾರದೆಂದು ಮುಖ ತಿರುಗಿಸಿದ್ದಕ್ಕೆ ಇಲ್ಲ. ಮಾರುವವರೆಗೂ ಮಾಲಿನ ಒಡೆಯನು ನಾನೇ ಎಂಬುದು ಈ ಬಗೆಯ ಮಾರಾಟದ ಕರಾರು. ಒಡೆತನ ನನ್ನದಾಗಿರುವಷ್ಟು ಕಾಲ ಪ್ರಶ್ನೆಯೂ ನನ್ನದೇ.

ಪಾಂಡವರ ಕಥೆಯನ್ನೇ ನೋಡಿ. ಅಜ್ಞಾತವಾಸಕ್ಕೆ ಹೊರಟಾಗ ಅವರು ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿಟ್ಟದ್ದು ಎಲ್ಲರಿಗೂ ನೆನಪಿದೆ. ಜೊತೆಗೆ ಒಂದು ಶವವನ್ನೂ ಕಟ್ಟಿ, ಅದು ತಮ್ಮ ತಾಯಿಯದೆಂದು ಸುತ್ತಲಿನವರಿಗೆ ಹೇಳಿದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಮ್ಮ ಕೈ ತಪ್ಪಿದ ಆಯುಧ ಇನ್ನೊಬ್ಬರ ಕೈಗೆ ಸಿಗಬಾರದೆಂಬ ಎಚ್ಚರ ಅದು. ಠೇವಣಿ ಎಂದರೆ ಇಟ್ಟು ಮರೆಯುವುದಲ್ಲವೆಂದು ಅವರಿಗೆ ಗೊತ್ತಿತ್ತು.

ಕೊನೆಗೆ ಮಗಳ ಮಾತು. ಕೊಲ್ಲುವ ವಸ್ತುವಿನ ಹಣ ಬೇಡ ಎನ್ನುವಾಗ ಅವಳು ಈ ನೆಲದ ಮಾತನ್ನೇ ಆಡುತ್ತಿದ್ದಾಳೆ. ಆದರೆ ಈ ನೆಲದ ಮಹಾತ್ಮರ ವಿಚಾರ ಅಷ್ಟು ಸರಳವಾಗಿರಲಿಲ್ಲ. 1918ರಲ್ಲಿ, ಇದೇ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ, ಗಾಂಧೀಜಿ ಸೈನ್ಯಕ್ಕೆ ಸೇರಿರೆಂದು ಜನರನ್ನು ಕೇಳುತ್ತ ನಡೆದರು. ಇಡೀ ಜನಾಂಗದ ಕೈಯಿಂದ ಆಯುಧ ಕಿತ್ತುಕೊಂಡ ಕಾಯಿದೆಯನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೃತ್ಯವೆಂದು ಆಗಿನ ಕರಪತ್ರದಲ್ಲಿ ಬರೆದರು. 1930ರ ಜನವರಿಯಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಆಯುಧ ಪರವಾನಗಿ ಕೊಡಬೇಕೆಂಬುದೂ ಒಂದು. ಅದೇ ಮಾರ್ಚ್ 12ರಂದು ಅವರು ಸಾಬರಮತಿಯಿಂದ ದಂಡಿಗೆ ಹೊರಟದ್ದು ಬರಿಯ ಕೋಲು ಹಿಡಿದು. ಇದು ವಿರೋಧಾಭಾಸವೆಂದು ಕೆಲವರಿಗೆ ಕಂಡೀತು. ನನಗೆ ಕಾಣುವುದು ಬೇರೆ. ಆಯುಧ ಕಿತ್ತುಕೊಳ್ಳಲ್ಪಟ್ಟವನೂ ಆಯುಧ ಕೆಳಗಿಟ್ಟವನೂ ಬರಿಗೈಯವರೇ. ಆದರೆ ಇಬ್ಬರೂ ಒಂದೇ ಅಲ್ಲ. ತಾನಾಗಿ ಬಿಟ್ಟದ್ದು ಮಾತ್ರ ತ್ಯಾಗ.

ನಮ್ಮ ಗೌಡರ ಸಂಕಟವೂ ಇದೇ ಎಂದು ಅಂದು ನನಗನಿಸಿತು. ಕೋವಿಗಳು ಹೋಗುತ್ತವೆಂಬುದು ಅವರ ದುಃಖವಲ್ಲ. ತೋಟವನ್ನು ದೂರ ಕಿತ್ತುಕೊಂಡಿತು, ಕೋವಿಯನ್ನು ಗಡುವು ಕಿತ್ತುಕೊಳ್ಳುತ್ತದೆ, ತಾನು ಮಾಡಿದ್ದು ಏನೂ ಇಲ್ಲ ಎಂಬುದು ದುಃಖ. ಗಡುವು ಇರುವುದೂ ನಿಜ. ಠೇವಣಿಯಿಟ್ಟ ಕೋವಿಯನ್ನು ನಿಗದಿಯಾದ ಅವಧಿಯೊಳಗೆ ಬಿಡಿಸಿಕೊಳ್ಳದೆ, ಮಾರದೆ ಇದ್ದರೆ ಅದು ಸರ್ಕಾರದ ವಶವಾಗುತ್ತದೆ. "ಹಾಗಾದರೆ ನೀವೇ ಹೋಗಿ ಬನ್ನಿ. ಬಿಡುವುದಾದರೂ ನಿಮ್ಮ ಕೈಯಿಂದಲೇ ಆಗಲಿ" ಎಂದೆ.

ಗೌಡರು ದೀಪಾವಳಿ ಕಳೆದ ಮೇಲೆ ಶಿವಮೊಗ್ಗೆಗೆ ಹೋಗಿ ಬಂದರು. ಅಂಗಡಿಯವನ ಮುಂದೆ ಕುಳಿತು ಎರಡು ಷರತ್ತು ಹೇಳಿದರಂತೆ. ಕೊಳ್ಳುವವನಿಗೆ ಕೋವಿ ಬೇಕಾಗಿರುವುದು ತೋಟಕ್ಕೋ ಗುರಿಯಾಟದ ಅಭ್ಯಾಸಕ್ಕೋ ಆಗಿರಬೇಕು. ಗೋಡೆಯ ಜಂಬಕ್ಕಾಗಲಿ, ನೆರೆಯವನ ಮೇಲಿನ ಹಗೆಗಾಗಲಿ ಅಲ್ಲ. ಮಾರುವ ಮುನ್ನ ತಮಗೆ ಒಂದು ಫೋನ್ ಮಾಡಬೇಕು. "ಹೀಗೆ ಆರಿಸುತ್ತ ಕೂತರೆ ಬೆಲೆ ಬರುವುದಿಲ್ಲ ಸ್ವಾಮಿ" ಎಂದ ಅಂಗಡಿಯವನು. "ಬಾರದಿದ್ದರೆ ಬೇಡ" ಎಂದು ಬಂದರು. ಒಂಟಿ ನಳಿಗೆಯನ್ನು ಅವರ ತಾಲ್ಲೂಕಿನವನೇ ಆದ ಒಬ್ಬ ಅಡಿಕೆ ಬೆಳೆಗಾರ ಕೊಂಡ, ಮೊದಲು ಹೇಳಿದ್ದಕ್ಕಿಂತ ಕಡಿಮೆ ಬೆಲೆಗೆ. ಗೌಡರು ಅವನೊಡನೆ ಫೋನಿನಲ್ಲಿ ಅರ್ಧ ಗಂಟೆ ಮಂಗಗಳ ಕಾಟದ ಬಗ್ಗೆ ಮಾತಾಡಿದರಂತೆ. ಜೋಡಿ ನಳಿಗೆಗೆ ಇನ್ನೂ ತಕ್ಕವನು ಬಂದಿಲ್ಲ. ಬಾಡಿಗೆ ಕಟ್ಟುತ್ತಿದ್ದಾರೆ. ಗಡುವಿನೊಳಗೆ ಬಾರದಿದ್ದರೆ ತಂದೆಯಂತೆ ತಾವೂ ಸರ್ಕಾರಕ್ಕೆ ಒಪ್ಪಿಸಿ, ರಸೀದಿ ಪಡೆದು ಬರುವುದಾಗಿ ಹೇಳುತ್ತಾರೆ.

ಈ ಷರತ್ತುಗಳಿಂದ ಆ ಕೋವಿ ಎಂದೂ ಕೆಟ್ಟ ಕೈಗೆ ಹೋಗದೆಂಬ ಭರವಸೆ ಇಲ್ಲ. ಅಡಿಕೆ ಬೆಳೆಗಾರನ ಮೊಮ್ಮಗ ನಾಳೆ ಏನು ಮಾಡುವನೋ ಯಾರು ಬಲ್ಲರು? ಇದನ್ನು ಗೌಡರಿಗೂ ಹೇಳಿದೆ. "ನಮ್ಮ ಅಪ್ಪನಿಗೂ ಅದು ಗೊತ್ತಿರಲಿಲ್ಲ ಮಾರಾಯ್ರೆ. ನಳಿಗೆಯೊಳಗೆ ತುಕ್ಕಿದೆ ಅನ್ನುವುದು ಗೊತ್ತಿತ್ತು. ಗೊತ್ತಿದ್ದಷ್ಟಕ್ಕೆ ಸರಿಯಾಗಿ ನಡೆದುಕೊಂಡ" ಎಂದರು.

ಊರು ಬಿಟ್ಟು ಬಂದ ನಮ್ಮೆಲ್ಲರಿಗೂ ಅಲ್ಲಿ ಏನೋ ಒಂದು ಠೇವಣಿ ಇದೆ. ಯಾರದೋ ಸುಪರ್ದಿನಲ್ಲಿರುವ ಹೊಲ, ಬೀಗ ಹಾಕಿದ ಮನೆ, ಅಟ್ಟದ ಮೇಲಿನ ಹಂಡೆ, ದೇವರ ಪೆಟ್ಟಿಗೆ. "ನೀವು ತಲೆ ಕೆಡಿಸಿಕೊಳ್ಳಬೇಡಿ, ನಾನು ನೋಡಿಕೊಳ್ಳುತ್ತೇನೆ" ಎನ್ನುವವರೂ ಇದ್ದಾರೆ, ಅವರು ಒಳ್ಳೆಯವರೇ ಇರಬಹುದು. ಪಾಂಡವರು ಒಂದು ವರ್ಷದ ನಂತರ ಬನ್ನಿಯ ಮರದ ಬಳಿಗೆ ಮರಳಿದರು. ನಮ್ಮಲ್ಲಿ ಹೆಚ್ಚಿನವರು ಮರಳುವುದಿಲ್ಲ. ಆದರೆ ಮಾರುವುದಾದರೂ, ಕೊಡುವುದಾದರೂ, ಬಿಡುವುದಾದರೂ ಒಮ್ಮೆ ಹೋಗಿ ಎದುರಿಗೆ ನಿಂತು, ಅದು ಯಾರ ಕೈ ಸೇರುತ್ತದೆಂದು ಕೇಳಿ ಬರುವುದು ನಮ್ಮಿಂದ ಆಗಬಹುದಾದ ಕೆಲಸ. ಮುಂದಿನ ಬನ್ನಿ ಹಬ್ಬದೊಳಗೆ ಅಷ್ಟನ್ನಾದರೂ ಮಾಡೋಣ.