ಪ್ರಶ್ನೆ ಕೇಳುವ ಹಕ್ಕು

ಮಿರಜದ ಆಸ್ಪತ್ರೆಗಳಲ್ಲಿ ಬೆಳಗಿನ ಸಾಲಿನಲ್ಲಿ ನಿಂತರೆ ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಇಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಅಥಣಿ, ರಾಯಬಾಗ, ಜತ್ತ ಭಾಗದ ನಮ್ಮವರಿಗೆ ದೊಡ್ಡ ಕಾಯಿಲೆಯೆಂದರೆ ಮಿರಜದ ದಾರಿಯೇ. ಆ ಸಾಲಿನಲ್ಲಿ ಕುಡಿತದಿಂದ ಯಕೃತ್ತು ಕೆಟ್ಟವರೂ ಇರುತ್ತಾರೆ. "ದಾರೂ ಪಿತಾ ಕಾ?" ಎಂದು ವೈದ್ಯರು ಕೇಳುತ್ತಾರೆ. ಪಕ್ಕದಲ್ಲಿ ಹೆಂಡತಿ, ಬೆನ್ನ ಹಿಂದೆ ಜನ. "ನಾಹೀ" ಎಂಬ ಉತ್ತರ ಕಾಗದಕ್ಕೆ ಇಳಿಯುತ್ತದೆ. ಅದೇ ಮನುಷ್ಯನನ್ನು, "ಕಾಕಾ, ಸಂತೀ ದಿನ ಎಷ್ಟ ಆಗತೈತಿ?" ಎಂದು ಊರ ಹುಡುಗಿಯೊಬ್ಬಳು ಕೇಳಿದರೆ, "ಒಂದ ಕ್ವಾರ್ಟರ್, ಅಷ್ಟ" ಎಂದಾನು.

ಆ 'ಅಷ್ಟ' ಎಂಬ ಮಾತಿನಲ್ಲಿಯೇ ಒಂದು ಶಾಸ್ತ್ರವಿದೆ. ಕುಡಿತವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯು 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಕೊಟ್ಟಿದೆ. 1980ರ ದಶಕದಲ್ಲಿ ಅದು ರೂಪುಗೊಂಡದ್ದು ಆಸ್ಟ್ರೇಲಿಯಾ, ಬಲ್ಗೇರಿಯಾ, ಕೀನ್ಯಾ, ಮೆಕ್ಸಿಕೊ, ನಾರ್ವೆ, ಅಮೆರಿಕಗಳ ರೋಗಿಗಳ ನಡುವೆ. ಅದರ ಒಂದು ಅಳತೆಯೆಂದರೆ 10 ಗ್ರಾಂ ಮದ್ಯಸಾರ, ಸುಮಾರಾಗಿ ನಮ್ಮ ಸಣ್ಣ ಪೆಗ್ಗು. 180 ಮಿ.ಲೀ. ಕ್ವಾರ್ಟರ್ ವಿಸ್ಕಿಯಲ್ಲಿ ಅಂಥವು ಆರು. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಕುಡಿಯುವುದೆಷ್ಟು ಬಾರಿ ಎಂಬುದು ಆ ಪಟ್ಟಿಯ ಮೂರನೆಯ ಪ್ರಶ್ನೆ. ಕಾಕಾ 'ಒಂದು' ಎಂದದ್ದನ್ನು ಆರೆಂದು ಓದಿಕೊಳ್ಳಬಲ್ಲವರು ಬೇಕು. ಹಾತಭಟ್ಟಿಯ ದಾರುವಾದರೆ ಶೀಶೆಗೆ ಚೀಟಿಯೂ ಇರುವುದಿಲ್ಲ.

ಸ್ಥಳೀಯರು ಕೈಹಾಕಿದರೆ ಏನಾದೀತೆಂಬುದಕ್ಕೆ ನೆರೆಯ ಗೋವೆಯೇ ಸಾಕ್ಷಿ. ಅಲ್ಲಿ 'ಸಂಗತ್' ಸಂಸ್ಥೆಯವರು ವೈದ್ಯಕೀಯ ಪದವಿಯಿಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಹಾನಿಯಾಗುವಷ್ಟು ಕುಡಿಯುವ ಗಂಡಸರೊಡನೆ ಆಪ್ತಸಮಾಲೋಚನೆ ಮಾಡಿಸಿದರು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ನಂತರ ಅಂಥವರಲ್ಲಿ ಶೇ. 36ರಷ್ಟು ಜನ ಅಪಾಯದ ಕುಡಿತದಿಂದ ಹೊರಬಂದಿದ್ದರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ. 26.

ಆದರೆ ಸಮಾಲೋಚನೆ ನಡೆಸುವುದು ಬೇರೆ, ಏನನ್ನು ಕೇಳಬೇಕೆಂದು ನಿರ್ಧರಿಸುವುದು ಬೇರೆ. ಜತ್ತದ ಹಳ್ಳಿಯಿಂದ, ಕುಡುಕ ತಂದೆಯ ಮನೆಯಿಂದ ಒಬ್ಬ ವಿದ್ಯಾರ್ಥಿನಿ ಸಂಶೋಧನೆಗೆ ಬಂದಳೆನ್ನೋಣ. ಹಿರಿಯರಾದ ನಾವು ಅವಳಿಗೆ ಫಾರಂ ತುಂಬುವ ಕೆಲಸ ಕೊಡುತ್ತೇವೆ; ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಹೆಸರು ಸೇರಿಸಿ ಮಾರ್ಗದರ್ಶನ ಮಾಡಿದೆವೆಂದು ಬೀಗುತ್ತೇವೆ. ಅವಳೇ ಪ್ರಶ್ನೆ ಎತ್ತಿದರೆ, "ನಿನಗೆ ಇದು ತೀರ ಹತ್ತಿರದ ವಿಷಯ, ನಿಷ್ಪಕ್ಷಪಾತ ಉಳಿಯದು" ಎನ್ನುತ್ತೇವೆ. ದೂರ ನಿಂತವರಿಗೂ ಪಕ್ಷಪಾತವಿರುತ್ತದೆ. ಅದು ಕಾಣುವುದಿಲ್ಲ, ಅಷ್ಟೇ. ಹಾಗೆಂದು ಹತ್ತಿರವಿದ್ದ ಮಾತ್ರಕ್ಕೆ ಸತ್ಯ ಕೈಗೆ ಸಿಕ್ಕಿತೆಂದೂ ಅಲ್ಲ. ಅವಳಿಗೆ ಪ್ರತಿ ಕುಡುಕನಲ್ಲಿಯೂ ತಂದೆಯೇ ಕಂಡಾನು. ಗುರು ಬೇಕಾದುದು ಅಲ್ಲಿ: ಅವಳ ಉತ್ತರಗಳನ್ನು ನಿರ್ದಾಕ್ಷಿಣ್ಯವಾಗಿ ಒರೆಗೆ ಹಚ್ಚಲು, ಪ್ರಶ್ನೆಯನ್ನು ಮಾತ್ರ ಅವಳಿಂದ ಕಸಿದುಕೊಳ್ಳದಿರಲು. ಇದನ್ನು ನಾವು ಉಪಕಾರವೆಂದು ಕರೆಯಲಾರೆವು. ಅವಳಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ.

ಅವಳು ಕೇಳಬಹುದು: ಕಬ್ಬು ಕಡಿಯಲು ಹೊರಡುವ ಗಂಡಹೆಂಡಿರನ್ನು ಒಂದೇ 'ಕೋಯತಾ' ಎಂದು ಎಣಿಸಿ, ಮುಕಾದಮನು ಮುಂಗಡವನ್ನು ಗಂಡನ ಕೈಗಿಡುತ್ತಾನಲ್ಲ, ಆ ಹಣ ಕುಡಿತಕ್ಕೆ ಹೋದರೆ ಸಾಲ ತೀರಿಸಲು ದುಡಿಯುವ ಹೆಂಗಸಿನ ಆರೋಗ್ಯ ಯಾವ ಪಟ್ಟಿಯಲ್ಲಿ ಬರುತ್ತದೆ? ಆ ಹತ್ತು ಪ್ರಶ್ನೆಗಳಲ್ಲಿ ಅವಳಿಲ್ಲ. ಕುಡಿಯದ ಅವಳನ್ನು ಯಾರೂ ಸಾಲಿನಿಂದ ಕರೆದು ಕೇಳುವುದೂ ಇಲ್ಲ. ಇದನ್ನು ಒಪ್ಪಿದರೆ ನಾವು ಸಿದ್ಧಪಡಿಸಿದ ಫಾರಂ ಕೈಬಿಟ್ಟು ಹೊಸದಾಗಿ ಬರೆಯಬೇಕು. ಕೆಲಸ ಒಂದು ವರ್ಷ ಹಿಂದೆ ಬೀಳುತ್ತದೆ. ಪ್ರಬಂಧದ ಮೊದಲ ಹೆಸರು ನಮ್ಮದಾಗಿರುವುದಿಲ್ಲ. ಬೀಳಲಿ ಬಿಡು ಎಂದು ಅವಳಿಗೆ ಹೇಳುವ ಮನಸ್ಸು ನಮ್ಮಲ್ಲಿ ಎಷ್ಟು ಜನರಿಗಿದೆ?