ಯಾರೂ ವಾಸಿಸದ ಮನೆಗಳಲ್ಲಿ ಒಂದು ಸುತ್ತು

ಕೊಳ್ಳುವ ಉದ್ದೇಶವಿಲ್ಲದೆ ಅಂಗಡಿಯೊಂದನ್ನು ಸುತ್ತುವುದು ತಪ್ಪೇ? ನಮ್ಮದಲ್ಲದ, ನಮ್ಮದಾಗಲಾರದ ವಸ್ತುಗಳನ್ನು ನೋಡಿ ಸಂತೋಷಪಡುವುದು ಮನಸ್ಸಿಗೆ ವಿಶ್ರಾಂತಿಯೋ ಅಥವಾ ದುರಾಸೆಗೆ ನಾವೇ ತೆರೆದುಕೊಡುವ ಬಾಗಿಲೋ? ಈ ಪ್ರಶ್ನೆ ನನಗೆ ಎದುರಾದದ್ದು ಗ್ರಂಥಾಲಯದಲ್ಲಿ ಅಲ್ಲ, ಬೆಂಗಳೂರಿನ ನಾಗಸಂದ್ರದಲ್ಲಿರುವ ಐಕಿಯಾ ಎಂಬ ಪೀಠೋಪಕರಣಗಳ ಮಳಿಗೆಯಲ್ಲಿ.

ರಜೆಯ ದಿನವೊಂದರಲ್ಲಿ ಪರಿಚಿತ ಕುಟುಂಬವೊಂದು ನನ್ನನ್ನೂ ಜೊತೆಗೆ ಕರೆದೊಯ್ದಿತು. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಂಬತ್ತು ದಾಟಿದ ಅಜ್ಜಿ. ಬಾಡಿಗೆಯ ಎರಡು ಕೋಣೆಗಳಲ್ಲಿ ಐವರ ಸಂಸಾರ. 2022ರ ಜೂನ್‌ನಲ್ಲಿ ಆರಂಭವಾದ ಆ ಮಳಿಗೆಯ ವಿಸ್ತಾರ ಸುಮಾರು 4.6 ಲಕ್ಷ ಚದರ ಅಡಿ. ಒಳಹೊಕ್ಕವನು ದಾರಿ ತಪ್ಪದಿರಲೆಂದು ನೆಲದ ಮೇಲೆ ಬಾಣದ ಗುರುತುಗಳಿವೆ. ಆದರೆ ಆ ಬಾಣಗಳು ನೇರವಾಗಿ ಹೊರಬಾಗಿಲಿಗೆ ಕರೆದೊಯ್ಯುವುದಿಲ್ಲ. ಒಂದಾದ ಮೇಲೊಂದು ಕೋಣೆಯೊಳಗೆ ಅಲೆದಾಡಿಸುತ್ತವೆ.

ಈ ಸಂಸ್ಥೆಯ ಕಥೆಯೂ ಸ್ವಾರಸ್ಯಕರ. ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತ್ಯದಲ್ಲಿ 1943ರಲ್ಲಿ ಇದನ್ನು ಆರಂಭಿಸಿದ ಇಂಗ್ವಾರ್ ಕಾಂಪ್ರಾಡ್‌ಗೆ ಆಗ ಕೇವಲ 17 ವರ್ಷ. ಅವರ ಹೆಸರಿನ ಎರಡು ಮೊದಲಕ್ಷರಗಳು, ಬೆಳೆದ ತೋಟದ ಹಾಗೂ ಹಳ್ಳಿಯ ಹೆಸರುಗಳ ಮೊದಲಕ್ಷರಗಳು ಸೇರಿ 'ಐಕಿಯಾ' ಆಯಿತು. 1950ರ ದಶಕದಲ್ಲಿ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ನೌಕರ ಮೇಜೊಂದನ್ನು ಕಾರಿನೊಳಗೆ ಇರಿಸಲಾಗದೆ ಅದರ ಕಾಲುಗಳನ್ನು ಕಳಚಿದರಂತೆ. ಬಿಡಿಭಾಗಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಕೊಟ್ಟು, ಕೊಂಡವರೇ ಮನೆಯಲ್ಲಿ ಜೋಡಿಸಿಕೊಳ್ಳುವ ಪದ್ಧತಿಗೆ ಇದೇ ನಾಂದಿಯೆನ್ನುತ್ತಾರೆ. ಕಾಂಪ್ರಾಡ್‌ಗೆ ಡಿಸ್ಲೆಕ್ಸಿಯಾದಿಂದಾಗಿ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವುದು ಕಷ್ಟವಾಗಿತ್ತು. ಆದ್ದರಿಂದಲೇ ಅಲ್ಲಿಯ ವಸ್ತುಗಳಿಗೆ ಅಂಕಿಗಳ ಬದಲು ಹೆಸರುಗಳು: ಸೋಫಾಗಳಿಗೆ ಸಾಮಾನ್ಯವಾಗಿ ಸ್ವೀಡನ್ನಿನ ಊರಿನ ಹೆಸರು, ಮಂಚಗಳಿಗೆ ನಾರ್ವೆಯ ಸ್ಥಳನಾಮ. ನಾಲಗೆ ತಿರುಗದ ಆ ಹೆಸರುಗಳನ್ನು ಗಟ್ಟಿಯಾಗಿ ಓದಿ ನಗುವುದೇ ನಮ್ಮ ಮಕ್ಕಳಿಗೆ ಹಬ್ಬವಾಯಿತು.

ಅಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಕುರ್ಚಿಯಲ್ಲಿ ಕೂರಬಹುದು, ಮಂಚದ ಮೇಲೆ ಒರಗಬಹುದು, ಡ್ರಾಯರ್ ಎಳೆದು ನೋಡಬಹುದು. ಕೆಲವೇ ಚದರ ಮೀಟರುಗಳಲ್ಲಿ ಅಡಿಗೆಮನೆ, ಮಲಗುವ ಕೋಣೆ, ಓದುವ ಮೇಜು ಎಲ್ಲವೂ ಸಜ್ಜಾಗಿವೆ. ಅಜ್ಜಿ ಅಂಥದೊಂದು ಮನೆಯ ಕುರ್ಚಿಯಲ್ಲಿ ಕುಳಿತು, ಸುತ್ತಲೂ ಕಣ್ಣು ಹಾಯಿಸಿ ಕೇಳಿದರು: "ಈ ಮನೆಯವರೆಲ್ಲಾ ಎಲ್ಲಿಗೆ ಹೋಗಿದ್ದಾರೆ?" ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಅಷ್ಟರಲ್ಲಿ ಆ ಮನೆಯ ಗೃಹಿಣಿ ಪ್ರದರ್ಶನದ ಅಡಿಗೆಮನೆಯೊಂದರಲ್ಲಿ ನಿಂತುಬಿಟ್ಟಿದ್ದರು. ಡ್ರಾಯರ್ ತೆರೆಯುವುದು, ಮುಚ್ಚುವುದು, ಗೋಡೆಯ ಕಂಬಿಗೆ ತೂಗಿಸಿದ ಡಬ್ಬಿಗಳನ್ನು ಮುಟ್ಟಿ ನೋಡುವುದು. ಕಾಲುಗಂಟೆಯಾದರೂ ಆಕೆ ಕದಲಲಿಲ್ಲ. ಪತಿ ನನ್ನ ಕಿವಿಯಲ್ಲಿ, "ಕರೆದುಕೊಂಡು ಬರಬಾರದಿತ್ತು ಫಾದರ್, ಪಾಪ, ಆಸೆಪಡುತ್ತಿದ್ದಾಳೆ" ಎಂದರು. ನನಗೂ ಹಾಗೆಯೇ ತೋರಿತು. ಹತ್ತನೆಯ ಆಜ್ಞೆಯ ಕುರಿತು ಎರಡು ಹಿತವಚನಗಳನ್ನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡೆ. ಕೊನೆಗೆ ಅವರು ಕೊಂಡದ್ದು ಒಂದು ಮರದ ಸೌಟು ಮಾತ್ರ.

ನನ್ನ ಹಿತವಚನ ನನಗೇ ತಿರುಗಿ ಬಂದದ್ದು ಅಂದಿನ ರಾತ್ರಿ. ನಾನು ಅಲ್ಲಿ 'ಬಿಲ್ಲಿ' ಎಂಬ ಪುಸ್ತಕದ ಕಪಾಟನ್ನು ನೋಡಿದ್ದೆ. ಮೇಜಿನ ಕಾಲು ಕಳಚಿದ ಅದೇ ಲುಂಡ್‌ಗ್ರೆನ್ 1979ರಲ್ಲಿ ರೂಪಿಸಿದ ಸರಳ, ನೇರ ಕಪಾಟು. ಗುರುನಿವಾಸಕ್ಕೆ ಮರಳಿ ನನ್ನ ಹಲಸಿನ ಮರದ ಹಳೆಯ ಕಪಾಟನ್ನು ಕಂಡಾಗ, ಅದರ ಬಾಗಿದ ಹಲಗೆ, ಗೆದ್ದಲು ತಿಂದ ಅಂಚು ಮೊದಲ ಬಾರಿಗೆ ಕಣ್ಣು ಚುಚ್ಚಿದವು. ವರ್ಷಗಳ ಕಾಲ ನನ್ನ ಪುಸ್ತಕಗಳನ್ನು ಹೊತ್ತು ನಿಂತ ಕಪಾಟು ಮೂರು ಗಂಟೆಗಳ ತಿರುಗಾಟದಿಂದ ಕುರೂಪವಾಗಿಬಿಟ್ಟಿತು! ವರ್ಗಾವಣೆಯ ಪತ್ರ ಬಂದಾಗ ಎರಡು ಪೆಟ್ಟಿಗೆಗಳೊಂದಿಗೆ ಹೊರಡಬೇಕಾದ ನಾನು ಹಲವು ದಿನ ಆ ಬಿಲ್ಲಿಯನ್ನೇ ಧ್ಯಾನಿಸುತ್ತಿದ್ದೆ.

ಕೆಲವು ವಾರಗಳ ನಂತರ ಆ ಕುಟುಂಬದ ಮನೆಗೆ ಹೋದೆ. ಅಡಿಗೆಕೋಣೆಯ ಒಳಗೆ ಗೋಡೆಗೆ ಅಡ್ಡಲಾಗಿ ಒಂದು ಕಂಬಿ, ಅದಕ್ಕೆ ತೂಗಿಬಿಟ್ಟ ಹಳೆಯ ಡಬ್ಬಿಗಳು. ಡಬ್ಬಿಗಳಿದ್ದ ಮೇಜು ಈಗ ಕಿಟಕಿಯ ಬಳಿಗೆ ಬಂದು ಮಗಳ ಓದಿನ ಜಾಗವಾಗಿತ್ತು. "ಅಂದು ಅದನ್ನೇ ನೋಡುತ್ತಿದ್ದೆ ಫಾದರ್" ಎಂದು ಆಕೆ ನಕ್ಕರು. ನಾವಿಬ್ಬರು ಗಂಡಸರು ಯಾವುದನ್ನು ಆಸೆಯೆಂದು ಕರೆದಿದ್ದೆವೋ ಅದು ನಿಜವಾಗಿ ಗಮನವಾಗಿತ್ತು. ಆಸೆ ಇದ್ದದ್ದು ನನ್ನಲ್ಲಿ.

ಅಕ್ವಿನೋದ ಸಂತ ತೋಮಾಸರ ವಿಚಾರವೊಂದನ್ನು ಗುರುಮಠದಲ್ಲಿ ಕಲಿತಿದ್ದೆ: ಒಳಿತಾದುದು ನಮ್ಮ ಬಯಕೆಯನ್ನು ಸೆಳೆಯುತ್ತದೆ, ಸುಂದರವಾದುದಾದರೋ ಕೇವಲ ಕಂಡಾಗಲೇ ಮನಸ್ಸನ್ನು ತಣಿಸುತ್ತದೆ. ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದ ಆ ವ್ಯತ್ಯಾಸದ ಅರ್ಥ ನನಗೆ ತಿಳಿದದ್ದು ಆ ಅಡಿಗೆಕೋಣೆಯಲ್ಲಿ. ನೋಡುವುದರಲ್ಲಿಯೇ ತೃಪ್ತವಾಗುವ ಕಣ್ಣು ವಸ್ತುವಿನ ಮುಂದೆ ಅತಿಥಿಯಂತೆ ನಿಲ್ಲುತ್ತದೆ. ಕಸಿದುಕೊಳ್ಳಬಯಸುವ ಕಣ್ಣು ಸಾಲಗಾರನಂತೆ ಮನೆಗೆ ಹಿಂದಿರುಗುತ್ತದೆ. ಎರಡನ್ನೂ ಹೊರಗಿನಿಂದ ಗುರುತಿಸಲಾಗದು. ಆದ್ದರಿಂದ ಇನ್ನೊಬ್ಬರ ಕಣ್ಣನ್ನು ಅಳೆಯುವ ಅಧಿಕಾರ ನಮಗಿಲ್ಲ. ನಮ್ಮ ಕಣ್ಣಿಗೆ ಮಾತ್ರ ಒಂದು ಸುಲಭವಾದ ಪರೀಕ್ಷೆಯಿದೆ: ತಿರುಗಾಟ ಮುಗಿಸಿ ಬಂದಾಗ ನಮ್ಮ ಮನೆ ನಮಗೆ ಹೇಗೆ ಕಾಣುತ್ತದೆ? ಇನ್ನಷ್ಟು ಪ್ರೀತಿಯಿಂದ ಓರಣಗೊಳಿಸಬೇಕೆನಿಸಿದರೆ ಆ ಸಂತೋಷ ನಿರ್ಮಲವಾದುದು. ನಾಚಿಕೆಯೆನಿಸಿದರೆ ಎಚ್ಚರಗೊಳ್ಳಬೇಕು.

ಬಡಗಿಯನ್ನು ಕರೆಸಿ ನನ್ನ ಕಪಾಟಿನ ಬಾಗಿದ ಹಲಗೆಯನ್ನು ಬದಲಾಯಿಸಿದ್ದೇನೆ. ಅದರೊಂದಿಗೆ ರಾಜಿಯಾಗಿದೆ. ಆ ಮಳಿಗೆಗೆ ಮತ್ತೊಮ್ಮೆ ಹೋಗುವ ಮನಸ್ಸೂ ಇದೆ.

ಅಂದು ಆ ಮನೆಯಲ್ಲಿ ನಾನು ನಿಂತೇ ಇರುವುದನ್ನು ಕಂಡು ಅಜ್ಜಿ ಮೊಮ್ಮಗನನ್ನು ಗದರಿಸಿದರು. ಹುಡುಗ ಓಡಿಹೋಗಿ ನೆರೆಮನೆಯಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ತಂದ. ಒಂದು ಕಾಲು ಸ್ವಲ್ಪ ಗಿಡ್ಡವಾಗಿದ್ದ ಆ ಕುರ್ಚಿಯಲ್ಲಿ ನಾನು ಜೋಪಾನವಾಗಿ ಕುಳಿತೆ. ಮನೆಯವರೆಲ್ಲರೂ ಅಲ್ಲೇ ಇದ್ದರು.